ಪೇಪರಿಗೆ ಹೋಗೈತೆ, ಹೇಳಿಬಿಡ್ರಿ

ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಹೆಂಡತಿ ಮೂಕಮ್ಮ ತಂದು ಮುಂದೆ ಹಿಡಿದರೂ ತಿಪ್ಪೇಶಪ್ಪ ಕುರ್ಚಿ ಬಿಟ್ಟು ಏಳಲಿಲ್ಲ.

"ಏಳ್ರಿ. ಬಸ್ಸು ನಿಮ್ಮ ಸಲುವಾಗಿ ಕಾಯಲ್ಲ."

"ಹೋಗಲೇಬೇಕಾ ಅಂತ ನೋಡ್ತಿದ್ದೆ."

"ಕಂಡ ಕಂಡೋರಿಗೆಲ್ಲ ಶಾಲು ಹೊದ್ಸಿದ್ರಿ. ಇವತ್ತು ನಿಮ್ಮ ಕೊರಳಿಗೇ ಬಂದೈತೆ. ಅನುಭವಿಸ್ರಿ."

"ಆ ಶಾಲು ಯಾವ ಅಂಗಡೀದು ಅಂತ ನನಗೆ ಗೊತ್ತೈತೆ. ಒಂದು ಸಲ ಒಗೆದ್ರೆ ಬಣ್ಣ ಬಿಡುತ್ತೆ."

"ಒಗೆಯಲ್ಲ ಬಿಡ್ರಿ. ಯಾರದಾರ ಮದುವೆ ಬಂದಾಗ ಕೊಟ್ರಾಯ್ತು."

ತಿಪ್ಪೇಶಪ್ಪ ನಕ್ಕು ಅಂಗಿಗೆ ಕೈ ಚಾಚಿದರು. ಅರವತ್ತಾರು ತುಂಬಿದ ಮೇಲೆ ಅವರಿಗೆ ಯಾವ ಕಾರ್ಯಕ್ರಮವೆಂದರೂ ಮೊದಲು ನೆನಪಾಗುತ್ತಿದ್ದುದು ಅದರ ತಡ. ನಾಲ್ಕು ಗಂಟೆಗೆ ಎಂದದ್ದು ಆರಕ್ಕೆ ಶುರುವಾಗುತ್ತದೆ. ಮುಖ್ಯ ಅತಿಥಿ ಇನ್ನೊಂದು ಊರಿನ ಗೃಹಪ್ರವೇಶದಲ್ಲಿ ಊಟಕ್ಕೆ ಕೂತಿರುತ್ತಾರೆ. ಮೈಕಿನವನು ‘ಹಲೋ ಚೆಕ್’ ಎನ್ನುತ್ತಲೇ ಇರುತ್ತಾನೆ. ಇಷ್ಟು ವರ್ಷ ಅವರು ಇದನ್ನೆಲ್ಲ ವೇದಿಕೆಯ ಹಿಂದೆ ನಿಂತು ನೋಡಿದವರು. ಇವತ್ತು ವೇದಿಕೆಯ ಮೇಲೆ ಕೂರಬೇಕು.

ಹೊನ್ನಾಳಿ ಬಸ್ ನಿಲ್ದಾಣದ ಎದುರು ಒಂದು ಸೈಕಲ್ ಶಾಪಿನ ಮೇಲಿನ ಕೋಣೆಗೆ ಅವರು ‘ಸಾರ್ವಜನಿಕ ಸಂಪರ್ಕ ಕೇಂದ್ರ’ ಎಂದು ಬೋರ್ಡು ಹಾಕಿದ್ದು ತೊಂಬತ್ಮೂರರಲ್ಲಿ. ಹೊನ್ನಾಳಿ ಆಗ ಇನ್ನೂ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಅಂಥ ಬೋರ್ಡನ್ನು ಆ ಸೀಮೆಯಲ್ಲಿ ಯಾರೂ ನೋಡಿರಲಿಲ್ಲ. ಮೊದಮೊದಲು ಮೆಟ್ಟಿಲು ಹತ್ತಿ ಬಂದವರೆಲ್ಲ ಫೋನ್ ಮಾಡಲು ಬಂದವರೇ. "ಬಾಂಬೆಗೆ ಒಂದು ಕಾಲ್ ಹಚ್ಚಿಕೊಡ್ರಿ" ಎನ್ನುತ್ತಿದ್ದರು. ಇದು ಅದಲ್ಲ ಎಂದು ಹೇಳಿ ಹೇಳಿ ಸಾಕಾಗಿ ತಿಪ್ಪೇಶಪ್ಪ ಕೊನೆಗೆ ಒಂದು ಎಸ್‌ಟಿಡಿ ಬೂತನ್ನೂ ಇಟ್ಟರು. ಕೋಣೆಯ ಬಾಡಿಗೆ ಬಹಳ ಕಾಲ ಹುಟ್ಟಿದ್ದು ಆ ಬೂತಿನಿಂದಲೇ.

ಅದಕ್ಕೂ ಮುಂಚೆ ಅವರು ಜಗಳೂರಿನ ಟೆಂಟ್ ಸಿನಿಮಾಕ್ಕೆ ಎತ್ತಿನ ಗಾಡಿಯಲ್ಲಿ ಮೈಕು ಹಿಡಿದು ಕೂಗುತ್ತಿದ್ದರು. ಬಿಳಿಚೋಡಿನ ಕೇರಿಯ ಹುಡುಗನ ದನಿಯನ್ನು ಊರೊಳಗಿನ ಜನ ಬಾಗಿಲಿಗೆ ಬಂದು ಕೇಳಿದ್ದು ಆ ಗಾಡಿಯಿಂದಲೇ. ಆಮೇಲೆ ಪತ್ರಿಕೆ ಏಜೆಂಟರಾದರು, ವರದಿ ಕಳಿಸುವವರಾದರು. ಆಗ ವರದಿಯ ಕವರನ್ನು ದಾವಣಗೆರೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಅಲ್ಲಿ ಪತ್ರಿಕೆಯ ಹುಡುಗ ಬಂದು ಇಸಿದುಕೊಳ್ಳುತ್ತಿದ್ದ. ಸಂಜೆಯ ಬಸ್ಸು ತಪ್ಪಿದರೆ ಸುದ್ದಿಯೂ ತಪ್ಪಿತು. ಊರಿನಲ್ಲಿ ನಡೆಯುವ ಕಾರ್ಯಕ್ರಮಗಳು ಆ ಬಸ್ಸು ಹೋದ ಮೇಲೆಯೇ ಶುರುವಾಗುತ್ತಿದ್ದವು.

ತಿಪ್ಪೇಶಪ್ಪ ಕಂಡುಕೊಂಡ ದಾರಿ ಇಲ್ಲೇ ಹುಟ್ಟಿದ್ದು. ಕಾರ್ಯಕ್ರಮ ನಡೆಯುವ ಮೊದಲೇ ಅವರು ಅದರ ವರದಿಯನ್ನು ಬರೆದು ಕಳಿಸಿಬಿಡುತ್ತಿದ್ದರು. ‘ಸನ್ಮಾನಿಸಲಾಯಿತು’, ‘ಕರೆ ನೀಡಿದರು’, ‘ವಿಷಾದಿಸಿದರು’ ಎಲ್ಲವೂ ಅದರಲ್ಲಿ ಇರುತ್ತಿತ್ತು. ಇದನ್ನು ಬೇರೆಯವರೂ ಮಾಡಬಹುದಿತ್ತು, ಮುಂದೆ ಮಾಡಿದರು ಕೂಡ. ಆದರೆ ತಿಪ್ಪೇಶಪ್ಪನವರು ಅದಕ್ಕೊಂದು ಕಟ್ಟು ಹಾಕಿಕೊಂಡಿದ್ದರು: ಬರೆದದ್ದು ಆಗಲೇಬೇಕು. ಅತಿಥಿ ಬಂದ ಕೂಡಲೇ ಕಿವಿಯ ಹತ್ತಿರ ಬಾಗಿ, "ಇದೊಂದು ಮಾತು ಪೇಪರಿಗೆ ಹೋಗೈತೆ, ಹೇಳಿಬಿಡ್ರಿ" ಎನ್ನುತ್ತಿದ್ದರು. ಅವರು ಹೇಳುವ ತನಕ ಕದಲುತ್ತಿರಲಿಲ್ಲ.

ಒಮ್ಮೆ ಎಪಿಎಂಸಿ ನಿರ್ದೇಶಕ ಮರುಳಪ್ಪ ಹೊಟ್ಟೆ ಕೆಟ್ಟು ಭಾಷಣ ಮಾಡದೆ ವೇದಿಕೆಯಿಂದ ಇಳಿದು ಓಡಿದರು. ತಿಪ್ಪೇಶಪ್ಪ ಕಾರಿನವರೆಗೂ ಹಿಂದೆಯೇ ಹೋದರು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ರೈತರನ್ನು ಕರೆದು ಕಿಟಕಿಯ ಹತ್ತಿರ ನಿಲ್ಲಿಸಿಕೊಂಡರು.

"ರೈತರು ಸಾವಯವ ಗೊಬ್ಬರ ಬಳಸಬೇಕು ಅಂತ ಹೇಳಿಬಿಡ್ರಿ."

"ಲೋ ತಿಪ್ಪೇಶಿ, ನನ್ನ ಜೀವ ಹೋಗಾಕೆ ಹತ್ತೈತೆ."

"ಒಂದು ಮಾತು ಅಷ್ಟೇ ರೀ."

"ರೈತರು ಸಾವಯವ ಗೊಬ್ಬರ ಬಳಸಬೇಕು. ಸಾಕಾ?"

"ಸಾಕ್ರಿ."

ಮರುದಿನ ‘ಸಾವಯವ ಗೊಬ್ಬರ ಬಳಸಲು ಕರೆ’ ಎಂದು ಬಂತು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹೀಗೆ ನಡೆದದ್ದರಿಂದಲೇ ಅವರ ಪ್ರೆಸ್ ನೋಟುಗಳಿಗೆ ದಾವಣಗೆರೆಯ ಪತ್ರಿಕೆಗಳಲ್ಲಿ ಒಂದು ಬೆಲೆ ಬಂತು. ಬೇರೆಯವರ ನೋಟು ಬಂದರೆ ಡೆಸ್ಕಿನವರು ಫೋನ್ ಮಾಡಿ ಕೇಳುತ್ತಿದ್ದರು. ತಿಪ್ಪೇಶಪ್ಪನವರದಾದರೆ ತಲೆಬರಹ ಹಾಕಿ ಹಾಗೇ ಬಿಡುತ್ತಿದ್ದರು. ಅವರ ಗಳಿಕೆ ಎಂದರೆ ಇದೊಂದೇ. ಎರಡು ವರ್ಷದ ಹಿಂದೆ ಮೊಣಕಾಲು ಸೋತು ಕಚೇರಿಯನ್ನು ಶಿಷ್ಯ ವಿನಯ್ ಕುಮಾರನಿಗೆ ಬಿಟ್ಟುಕೊಟ್ಟಾಗ ಅವನು ಕೇಳಿದ್ದೂ ಇದನ್ನೇ: "ಹೆಸರು ಮಾತ್ರ ಇರ್ಲಿ ಸರ್. ನಿಮ್ಮ ಹೆಸರಿಲ್ಲದ ನೋಟು ಡೆಸ್ಕ್‌ನೋರು ಓದಲ್ಲ." ಹೆಸರು ಉಳಿಯಿತು. ತಿಪ್ಪೇಶಪ್ಪ ನ್ಯಾಮತಿಯಲ್ಲಿ ಮನೆ ಹಿಡಿದರು.

ನ್ಯಾಮತಿಯಿಂದ ಹೊನ್ನಾಳಿಗೆ ಬಂದು ಬಸ್ಸು ಬದಲಿಸಿ, ಹೊಳೆ ದಾಟಿ ಚನ್ನಗಿರಿಯ ಕಡೆ ಹೊರಟಾಗ ಅವರಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಸನ್ಮಾನ ಇಟ್ಟುಕೊಂಡವರು ಯಾರು ಎಂಬುದು ಅವರಿಗೆ ಗೊತ್ತಿತ್ತು. ನಲ್ಲೂರಿನ ಗುರುಬಸವರಾಜ್. ಅಡಿಕೆ ತೋಟಗಳ ಫಸಲನ್ನು ಮುಂಗಡ ಕೊಟ್ಟು ಖೇಣಿಗೆ ಹಿಡಿದು, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವ ದೊಡ್ಡ ಕುಳ. ಹಳೆಯ ಗಿರಾಕಿ.

ದೀಪಾವಳಿಯ ನಂತರದ ವಾರ ಇದೇ ಗುರುಬಸವರಾಜ್ ಬೆಳಿಗ್ಗೆ ಫೋನ್ ಮಾಡಿದ್ದರು. "ತಿಪ್ಪೇಶಪ್ಪಾರೇ, ನಮ್ಮ ಸುಲಿಯೋ ಮಷಿನ್ನಿಗೆ ಒಂದು ಹುಡುಗಿ ಕೈ ಕೊಟ್ಟುಬಿಟ್ಲು. ಬಿಳಿಚೋಡು ಕಡೇರು. ನಿಮ್ಮೂರು ಕಡೆ ಅಂತ ನಿಮಗೆ ಹೇಳ್ದೆ." ಇಬ್ಬರೂ ಸೇರಿ ದಾವಣಗೆರೆಯ ಆಸ್ಪತ್ರೆಗೆ ಹೋಗಿದ್ದರು. ಹುಡುಗಿಯ ಹೆಸರು ಅಂಬಿಕಾ. ಬಲಗೈಯ ಮೂರು ಬೆರಳು ಹೋಗಿದ್ದವು. ಅವಳ ಅಣ್ಣ ಭೀಮೇಶ್ ಮಂಚದ ಪಕ್ಕ ನಿಂತಿದ್ದ. ಹೊರಗೆ ಬಂದ ಮೇಲೆ ತಿಪ್ಪೇಶಪ್ಪ ಕೊಟ್ಟ ಸಲಹೆ ಇದು: "ಆಸ್ಪತ್ರೆ ಖರ್ಚು ಪೂರಾ ನೀವೇ ಕೊಡ್ರಿ. ಪೇಪರ್‌ನೋರು ಕೇಳಿದ್ರೆ ಇಲ್ಲ ಅನ್ನಬ್ಯಾಡ್ರಿ. ಕೇಳದಿದ್ರೆ ಹೇಳಬ್ಯಾಡ್ರಿ." ಆ ವಾರವೇ ನಲ್ಲೂರಿನಲ್ಲಿ ಉಚಿತ ಕಣ್ಣಿನ ತಪಾಸಣೆ ಶಿಬಿರವೂ ನಡೆಯಿತು. ಅದೂ ಅವರದೇ ಸಲಹೆ. ವರದಿಗಾರರು ಬಂದರು, ಕನ್ನಡಕದ ಬಗ್ಗೆ ಬರೆದುಕೊಂಡು ಹೋದರು. ಯಾರೂ ಏನೂ ಕೇಳಲಿಲ್ಲ.

ಕಲೆ ಬಿದ್ದ ಬಟ್ಟೆಯನ್ನು ತಿಕ್ಕಲು ಹೋಗಬಾರದು, ಪಕ್ಕದಲ್ಲಿ ಬೆಳ್ಳಗಿನದೊಂದು ಹರವಬೇಕು ಎಂದು ಅವರು ವಿನಯನಿಗೆ ಕಲಿಸಿದ್ದರು. ಸುಳ್ಳು ಹೇಳುವುದಕ್ಕೂ ಸುಮ್ಮನಿರುವುದಕ್ಕೂ ನಡುವೆ ಒಂದು ಗೆರೆಯಿದೆ. ಅದರ ಮೇಲೇ ಅವರು ಇಷ್ಟು ಕಾಲ ನಡೆದುಕೊಂಡು ಬಂದಿದ್ದರು. ಈಚೆಗೆ ಆ ಗೆರೆ ಕಾಣಬೇಕಾದರೆ ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತಿತ್ತು.

ಚನ್ನಗಿರಿಯ ಸಮುದಾಯ ಭವನದ ಮುಂದೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ‘ಪ್ರಚಾರ ಪಿತಾಮಹ ತಿಪ್ಪೇಶಪ್ಪನವರಿಗೆ ಅಭಿನಂದನೆ’ ಎಂದು ಮೇಲೆ. ಗುರುಬಸವರಾಜರ ಚಿತ್ರ ಆಳೆತ್ತರ. ತಿಪ್ಪೇಶಪ್ಪನವರದು ಮೂಲೆಯಲ್ಲಿ, ಮತದಾರರ ಚೀಟಿಯಲ್ಲಿದ್ದ ಹಾಗೆ.

ಬಾಗಿಲಲ್ಲೇ ವಿನಯ್ ಕುಮಾರ್ ಬಂದು ಕಾಲು ಮುಟ್ಟಿದ. ಮೂವತ್ತೈದರ ಚುರುಕು ಮನುಷ್ಯ, ಎರಡು ಕೈಯಲ್ಲಿ ಎರಡು ಫೋನು.

"ಪಿತಾಮಹ ಅಂತ ಯಾಕೆ ಹಾಕ್ಸಿದ್ಯೋ? ಅದು ಗೋಡೆ ಮ್ಯಾಲಿನ ಫೋಟೋಕ್ಕೆ ಹಾಕೋ ಮಾತು."

"ಜನ ಇಷ್ಟಪಡ್ತಾರೆ ಸರ್."

"ನೋಟು ಎಲ್ಲಿ?"

"ಇವತ್ತು ನಿಮ್ಮ ದಿನ ಸರ್. ನೋಟು ಗೀಟು ಎಲ್ಲ ನಾವು ನೋಡ್ಕಂತೀವಿ. ಬರ್ರಿ, ಟೀ ಕುಡೀರಿ."

ನೋಟು ನೋಡದೆ ಅವರು ಯಾವ ಸಭಾಂಗಣದೊಳಕ್ಕೂ ಕಾಲಿಟ್ಟವರಲ್ಲ. ಇನ್ನೊಂದು ಸಲ ಕೇಳಬೇಕು ಎಂದುಕೊಂಡರು. ಮೊಣಕಾಲು ನೋಯುತ್ತಿತ್ತು. ಕುರ್ಚಿ ಕಂಡಿತು. ಕೂತರು.

ಆರು ದಾಟಿದ ಮೇಲೆ ಮುಖ್ಯ ಅತಿಥಿ ಬಂದರು. ಪ್ರಾರ್ಥನೆಯಾಯಿತು, ಸ್ವಾಗತವಾಯಿತು. ನಿರೂಪಕ ತಿಪ್ಪೇಶಪ್ಪನವರ ಜೀವನ ಓದಿದ. ಜಗಳೂರಿನ ಗಾಡಿ, ಹೊನ್ನಾಳಿಯ ಬೋರ್ಡು, ಫೋನ್ ಮಾಡಲು ಬಂದವರು ಎಲ್ಲ ಬಂದಾಗ ಜನ ನಕ್ಕರು. ಟೆಂಟ್ ಸಿನಿಮಾದ ವರ್ಷವೊಂದನ್ನು ತಪ್ಪಾಗಿ ಓದಿದ. ತಿಪ್ಪೇಶಪ್ಪ ಅಭ್ಯಾಸಬಲದಿಂದ ಕೈ ಎತ್ತಿ, ಮತ್ತೆ ಇಳಿಸಿದರು.

ಗುರುಬಸವರಾಜ್ ಶಾಲು ಹೊದಿಸಿದರು. ಮೈಸೂರು ಪೇಟ ತುಸು ಸಡಿಲವಾಗಿ ಹುಬ್ಬಿನವರೆಗೆ ಇಳಿಯಿತು. ಹಣ್ಣಿನ ಬುಟ್ಟಿ ಕೈಗೆ ಬಂತು. ಫೋಟೋಕ್ಕೆ ಎಲ್ಲರೂ ಎದುರು ನೋಡುತ್ತಿದ್ದಾಗ ವಿನಯ್ ಹಿಂದಿನಿಂದ ಬಂದು ಅವರ ಕಿವಿಗೆ ಬಾಗಿದ. ಅಂಗೈಯಲ್ಲಿ ಒಂದು ಚೀಟಿ ಇಟ್ಟ.

"ಸರ್, ಇದೊಂದು ಮಾತು ಪೇಪರಿಗೆ ಹೋಗೈತೆ. ಹೇಳಿಬಿಡ್ರಿ."

ಚೀಟಿಯಲ್ಲಿ ನಾಲ್ಕು ಸಾಲಿತ್ತು. ಮೊದಲ ಮೂರು ಎಲ್ಲ ಸನ್ಮಾನಗಳಲ್ಲೂ ಇರುವಂಥವು. ಯುವಜನ ಸತ್ಯ ಬಿಡಬಾರದು, ಪತ್ರಿಕೆಗಳು ಸಮಾಜದ ಕನ್ನಡಿ, ಹಿರಿಯರ ಆಶೀರ್ವಾದ. ನಾಲ್ಕನೆಯದು: ‘ಗುರುಬಸವರಾಜ್ ಅವರ ಘಟಕದಲ್ಲಿ ಇಂದಿನವರೆಗೆ ಒಬ್ಬ ಕಾರ್ಮಿಕರಿಗೂ ಪೆಟ್ಟಾಗಿಲ್ಲ, ಇದನ್ನು ನಾನು ಹತ್ತಿರದಿಂದ ಬಲ್ಲೆ ಎಂದು ತಿಪ್ಪೇಶಪ್ಪ ಹೇಳಿದರು.’

ಅವರು ಅದನ್ನು ಎರಡು ಸಲ ಓದಿದರು.

"ಇದನ್ನ ಯಾಕೆ ಬರ್ದೆ?"

"ಆ ಹುಡುಗಿ ಅಣ್ಣ ದಾವಣಗೆರೆಗೆ ಹೋಗಿ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಾನೆ ಸರ್. ಇವರು ಆಕೆ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಅಂತ ಉತ್ತರ ಕೊಡ್ತಾರಂತೆ. ಜೊತೆಗೊಂದು ಪೇಪರ್ ಕಟಿಂಗ್ ಇದ್ರೆ ಬಲ ಅಂತ. ನೀವು ಹೇಳಿದ್ರೆ ಯಾರೂ ಎರಡನೇ ಮಾತಾಡಲ್ಲ."

"ಹೋಗಿಬಿಟ್ಟೈತಾ?"

"ಐದಕ್ಕೇ ಹೋಯ್ತು ಸರ್. ಎಲ್ಲಾ ಪೇಪರಿಗೂ. ನಮ್ಮ ಲೆಟರ್‌ಹೆಡ್‌ನಾಗೆ."

ನಮ್ಮ ಲೆಟರ್‌ಹೆಡ್ ಎಂದರೆ ಮೇಲೆ ತಿಪ್ಪೇಶಪ್ಪನವರ ಹೆಸರು. ಕಲೆಯ ಪಕ್ಕ ಹರವಿದ ಬೆಳ್ಳಗಿನ ಬಟ್ಟೆ ತಾವೇ ಎಂಬುದು ಈಗ ಅವರಿಗೆ ತಿಳಿಯಿತು. ಹೇಳಿದರೆ ನೋಟು ನಿಜವಾಗುತ್ತದೆ, ಮಾತು ಸುಳ್ಳಾಗುತ್ತದೆ. ಹೇಳದಿದ್ದರೆ ಅವರ ಹೆಸರಿನ ನೋಟು ಮೊದಲ ಸಲ ಸುಳ್ಳಾಗುತ್ತದೆ. ವಿನಯನಿಗೆ ಇದರಲ್ಲಿ ಏನೂ ತೊಡಕು ಕಾಣುತ್ತಿರಲಿಲ್ಲ. ಅವನು ಕಲಿತದ್ದನ್ನು ಮಾಡಿದ್ದ. ಬರೆದದ್ದು ಆಗಬೇಕು, ಅಷ್ಟೇ.

ಸನ್ಮಾನಿತರ ಮಾತು ಎಂದು ನಿರೂಪಕ ಕರೆದ. ತಿಪ್ಪೇಶಪ್ಪ ಮೈಕಿನ ಮುಂದೆ ನಿಂತು ಪೇಟ ಸರಿಮಾಡಿಕೊಂಡರು. ಯುವಜನ ಸತ್ಯ ಬಿಡಬಾರದು ಎಂದರು. ಪತ್ರಿಕೆಗಳು ಸಮಾಜದ ಕನ್ನಡಿ ಎಂದರು. ಹಿರಿಯರ ಆಶೀರ್ವಾದ ಇರಲಿ ಎಂದರು. ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು, ನಮಸ್ಕಾರ ಮಾಡಿ ಹಿಂದೆ ಹೋಗಿ ಕೂತರು. ಚಪ್ಪಾಳೆ ಬಂತು. ಒಂದು ಸಾಲು ಕಡಿಮೆಯಾಯಿತು ಎಂದು ಗೊತ್ತಾದದ್ದು ಆ ಸಭೆಯಲ್ಲಿ ಇನ್ನಿಬ್ಬರಿಗೆ ಮಾತ್ರ. ವಿನಯ್ ಫೋನಿನಿಂದ ತಲೆ ಎತ್ತಿದ. ಗುರುಬಸವರಾಜ್ ನಗುತ್ತಲೇ ಇದ್ದರು, ಆದರೆ ಕಾಲು ಅಲುಗಿಸುವುದನ್ನು ನಿಲ್ಲಿಸಿದ್ದರು.

ವಂದನಾರ್ಪಣೆ ನಡೆಯುವಾಗ ತಿಪ್ಪೇಶಪ್ಪ ಅಡುಗೆಮನೆಯ ಹಿಂದಿನ ಬಾಗಿಲಿಂದ ಹೊರಗೆ ಬಂದರು. ಪಾತ್ರೆ ತೊಳೆಯುವ ಜಾಗದಲ್ಲಿ ನಿಂತು ದಾವಣಗೆರೆಗೆ ಫೋನ್ ಹಚ್ಚಿದರು. ಕಲ್ಲೇಶ್ ಅಲ್ಲಿನ ಪತ್ರಿಕೆಯೊಂದರ ಗ್ರಾಮಾಂತರ ಪುಟ ನೋಡುವವನು. ಕವರಿನ ಕಾಲದಿಂದ ಪರಿಚಯ.

"ಏನ್ರಿ ಪಿತಾಮಹರೇ" ಎಂದ ಕಲ್ಲೇಶ್.

"ನನ್ನ ನೋಟು ಹಾಕಬ್ಯಾಡ."

"ಪುಟ ಕಟ್ಟಿ ಆಯ್ತಲ್ಲ. ಮೂರು ಕಾಲಮ್ಮು, ಫೋಟೋ ಸಮೇತ. ಏನಾಯ್ತು?"

"ಅದ್ರಾಗೆ ಇರೋ ಒಂದು ಮಾತು ನಾನು ಹೇಳಿಲ್ಲ."

"ಅಷ್ಟೇನಾ? ಈಗ ಹೋಗಿ ಹೇಳಿಬಿಡ್ರಿ. ನೀವೇ ಕಲಿಸಿದ್ದಲ್ಲ. ಮರುಳಪ್ಪಾರಿಗೆ ಕಾರಿನಾಗೆ ಹೇಳಿಸಿದ್ರಿ."

"ಅದು ಹೇಳಿದ್ರೂ ನಿಜ ಆಗಲ್ಲ ಕಲ್ಲೇಶಿ. ಹುಡುಗಿ ಬೆರಳು ಹೋಗ್ಯಾವೆ."

ಆ ಕಡೆ ಕೀಬೋರ್ಡಿನ ಸದ್ದು ನಿಂತಿತು.

"ಯಾವ ಹುಡುಗಿ?"

ತಿಪ್ಪೇಶಪ್ಪ ಬಾಗಿಲ ಕಡೆ ತಿರುಗಿ ನೋಡಿದರು. ಒಳಗೆ ಯಾರೋ ಊಟಕ್ಕೆ ಏಳಿ ಎಂದು ಮೈಕಿನಲ್ಲಿ ಕೂಗುತ್ತಿದ್ದರು.

"ನೋಡ್ರಿ" ಎಂದ ಕಲ್ಲೇಶ್. "ಬರೀ ತೆಗಿ ಅಂದ್ರೆ ತೆಗೆಯಾಕೆ ಬರಲ್ಲ. ಮೂರು ಕಾಲಮ್ಮು ಖಾಲಿ ಬಿಟ್ಟು ಹೆಂಗೆ ಕಳಿಸ್ಲಿ? ಆ ಜಾಗಕ್ಕೆ ಏನಾರ ಕೊಡ್ರಿ. ಏಳೂವರೆ ತನಕ ಹಿಡ್ಕಂತೀನಿ."

ಗಿರಾಕಿಯ ಬಗ್ಗೆ ಹೊರಗೆ ಒಂದು ಮಾತೂ ಆಡಿದವರಲ್ಲ ತಿಪ್ಪೇಶಪ್ಪ. ಈಗ ಆಡಿದರೆ ನಾಳೆಯಿಂದ ಹೊನ್ನಾಳಿಯಲ್ಲೂ ಚನ್ನಗಿರಿಯಲ್ಲೂ ಅವರನ್ನು ಯಾರೂ ಒಳಗೆ ಬಿಡುವುದಿಲ್ಲ. ಅದಕ್ಕೆ ಅವರಿಗೆ ಅಷ್ಟು ಬೇಸರವಾಗಲಿಲ್ಲ. ಬೇಸರವಾದದ್ದು ಇನ್ನೊಂದಕ್ಕೆ: ಕೊಡಬೇಕಾದ ಸುದ್ದಿ ಇಷ್ಟು ದಿನ ತಮ್ಮಲ್ಲೇ ಇತ್ತು, ತಾವು ಅದನ್ನು ಹೇಳದಿರುವುದನ್ನೇ ಕೆಲಸ ಎಂದುಕೊಂಡಿದ್ದರು.

"ಕೊಡ್ತೀನಿ. ಆಕೇನ ಒಂದು ಮಾತು ಕೇಳಬೇಕು. ಹೆಸರು ಆಕೇದು."

ಆಸ್ಪತ್ರೆಯಲ್ಲಿ ಭೀಮೇಶನ ನಂಬರು ತೆಗೆದುಕೊಂಡದ್ದು ಫೋನಿನಲ್ಲಿ ಹಾಗೇ ಇತ್ತು. ಅವನು ಬಿಳಿಚೋಡಿನಲ್ಲೇ ಇದ್ದ. ವಿಷಯ ಕೇಳಿ ಫೋನನ್ನು ತಂಗಿಗೆ ಕೊಟ್ಟ.

"ಯಾರ್ರಿ?"

"ನಾನವ್ವ, ತಿಪ್ಪೇಶಪ್ಪ ಅಂತ. ಅವತ್ತು ಆಸ್ಪತ್ರೆಗೆ ಬಂದಿದ್ದೆ."

"ಮೂಸಂಬಿ ತಂದಿದ್ದ ಅಜ್ಜಾರಾ?"

"ಹ್ಞೂಂ, ನಾನೇ."

"ಸುಲಿಯಾಕೆ ಕೈಯಿಲ್ದೋಳಿಗೆ ಮೂಸಂಬಿ ತಂದ್ರಲ್ಲ ಅಂತ ಆಮ್ಯಾಲೆ ನಮ್ಮಣ್ಣ ನಗಾಡಿದ." ಅಂಬಿಕಾಳ ದನಿಯಲ್ಲಿ ಸಿಟ್ಟಿರಲಿಲ್ಲ. ನಡೆದದ್ದನ್ನು ಹೇಳಿದಳು, ಅಷ್ಟೇ.

"ನಿನ್ನ ಹೆಸರು, ಊರು, ಕೈಗೆ ಆದದ್ದು ಎಲ್ಲ ಪೇಪರಿಗೆ ಕೊಡಬೇಕು ಅಂತ ಇದೀನಿ. ಕೊಡ್ಲಾ?"

"ಅವತ್ತು ಯಾಕೆ ಕೇಳಲಿಲ್ಲ ನೀವು?"

ಅವರಲ್ಲಿ ಉತ್ತರಗಳಿದ್ದವು. ಮೂವತ್ತು ವರ್ಷ ಬೇರೆಯವರಿಗೆ ಇಂಥ ಪ್ರಶ್ನೆಗಳಿಗೆಲ್ಲ ಉತ್ತರ ಬರೆದುಕೊಟ್ಟವರು.

"ಕೇಳಲಿಲ್ಲ" ಎಂದರು.

"ಕೊಡ್ರಿ. ಆದ್ರೆ ಹಾಕ್ಸಿ ಕೈ ತೊಳ್ಕಬ್ಯಾಡ್ರಿ. ಸೋಮವಾರ ಆಫೀಸರು ದಾವಣಗೆರೆಗೆ ಕರ್ದಾರೆ. ಅಲ್ಲಿ ಕೆಲಸಕ್ಕಿದ್ದೆ ಅಂತ ಹೇಳಾಕೆ ಜತೇಲಿದ್ದೋರು ಒಬ್ರೂ ಬರವಲ್ರು. ಮುಂದಿನ ಸುಗ್ಗಿಗೆ ಕರೆಯಲ್ಲ ಅಂತ ಹೆದರ್ಕಂಡಾರೆ. ನೀವು ಬಂದು ಬಾಯಾಗೆ ಹೇಳ್ತೀರಾ?"

"ಬರ್ತೀನಿ."

ಕಲ್ಲೇಶನಿಗೆ ಮತ್ತೆ ಫೋನ್ ಹಚ್ಚಿ ಅವರು ಗೋಡೆಗೆ ಒರಗಿ ನಿಂತರು. ಹಳೆಯ ಕಾಲದಲ್ಲಿ ಬೂತಿನಿಂದ ಹೇಳಿ ಬರೆಸುತ್ತಿದ್ದ ಹಾಗೆ, ಒಂದೊಂದು ವಾಕ್ಯಕ್ಕೂ ಬಿಡುವು ಕೊಟ್ಟು ಹೇಳಿದರು.

"ಬರ್ಕೋ. ಚನ್ನಗಿರಿ ತಾಲ್ಲೂಕಿನ ನಲ್ಲೂರು ಬಳಿಯ ಅಡಿಕೆ ಸುಲಿಯುವ ಘಟಕದಲ್ಲಿ ಕಳೆದ ನವೆಂಬರ್‌ನಲ್ಲಿ ಯಂತ್ರಕ್ಕೆ ಕೈ ಸಿಲುಕಿ, ಜಗಳೂರು ತಾಲ್ಲೂಕು ಬಿಳಿಚೋಡಿನ ಅಂಬಿಕಾ ಎಂಬುವರು ಬಲಗೈಯ ಮೂರು ಬೆರಳು ಕಳೆದುಕೊಂಡಿದ್ದಾರೆ. ಆಯ್ತಾ?"

"ಆಯ್ತು. ಘಟಕ ಯಾರದು?"

"ಗುರುಬಸವರಾಜ್ ಅವರದು."

"ಯಾರು ಹೇಳಿದ್ದು ಅಂತ ಹಾಕ್ಲಿ? ಹೆಸರಿಲ್ದೆ ಇದು ನಿಲ್ಲಲ್ಲ."

ತಿಪ್ಪೇಶಪ್ಪ ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. "ಘಟನೆಯ ಮರುದಿನ ಮಾಲೀಕರ ಜೊತೆ ಆಸ್ಪತ್ರೆಗೆ ಹೋಗಿದ್ದ ತಿಪ್ಪೇಶಪ್ಪ ಹೇಳಿದರು. ಯಂತ್ರ ತಮ್ಮದೇ ಅಂತ ಮಾಲೀಕರು ಆಗ ತಮಗೆ ತಿಳಿಸಿದ್ದಾಗಿಯೂ ಹೇಳಿದರು. ಹಂಗೇ ಹಾಕು."

"ಅವರ ಮಾತೂ ಬೇಕಲ್ಲ ಸರ್. ಒಂದು ಕಡೇದು ಹಾಕಿದ್ರೆ ನಾಳೆ ನನ್ನ ತಲೆಗೆ ಬರುತ್ತೆ."

"ಸರಿ ಐತೆ. ಲೈನ್‌ನಾಗೆ ಇರು."

ಊಟದ ಹಾಲ್‌ನಲ್ಲಿ ಗುರುಬಸವರಾಜ್ ಮುಖ್ಯ ಅತಿಥಿಯ ಪಕ್ಕ ಕೂತು ಕೇಸರಿಬಾತ್ ತಿನ್ನುತ್ತಿದ್ದರು. ತಿಪ್ಪೇಶಪ್ಪ ಹೋಗಿ ಫೋನನ್ನು ಅವರ ಎಡಗೈಗೆ ಕೊಟ್ಟರು. "ಪೇಪರ್‌ನೋರು. ಅಂಬಿಕಾ ವಿಷಯ ಕೇಳ್ತಾರೆ. ಕೇಳಿದ್ರೆ ಇಲ್ಲ ಅನ್ನಬ್ಯಾಡ್ರಿ ಅಂತ ಅವತ್ತೇ ಹೇಳಿದ್ದೆ."

ಗುರುಬಸವರಾಜ್ ಒಂದು ನಿಮಿಷ ಕೇಳಿಸಿಕೊಂಡರು. "ಇಲ್ಲಿ ಗದ್ದಲ ಐತೆ, ನಾಳೆ ಮಾತಾಡ್ತೀನಿ" ಎಂದು ಫೋನನ್ನು ಹಿಂದಕ್ಕೆ ಕೊಟ್ಟರು. ದನಿ ಏರಿಸಲಿಲ್ಲ.

"ಹೊದ್ಸಿದ ಶಾಲು ಇನ್ನೂ ಬೆಚ್ಚಗೈತಲ್ರೀ ತಿಪ್ಪೇಶಪ್ಪಾರೇ."

ತಿಪ್ಪೇಶಪ್ಪ ಶಾಲನ್ನು ಮಡಚಿ, ಪೇಟದ ಜೊತೆ ಅವರ ಪಕ್ಕದ ಖಾಲಿ ಕುರ್ಚಿಯ ಮೇಲೆ ಇಟ್ಟರು. ಬಾಗಿಲಲ್ಲಿ ವಿನಯ್ ಅಡ್ಡ ನಿಂತಿದ್ದ. ಅವನ ಮುಖದಲ್ಲಿ ಸಿಟ್ಟಿಗಿಂತ ಗೊಂದಲ ಹೆಚ್ಚಿತ್ತು.

"ನೀವು ಹೇಳ್ಕೊಟ್ಟಂಗೇ ಮಾಡ್ದೆ ಸರ್. ಎಲ್ಲಿ ತಪ್ತು?"

"ಎಲ್ಲೂ ತಪ್ಪಿಲ್ಲಪ್ಪ. ನನ್ನ ಹೆಸರು ತೆಗೆದುಬಿಡು."

ಬಸ್ ನಿಲ್ದಾಣದಲ್ಲಿ ಕಾಯುತ್ತ ಅವರು ಉಳಿದ ಪತ್ರಿಕೆಗಳಿಗೂ ಫೋನ್ ಮಾಡಿದರು. ಅವುಗಳ ಪುಟಗಳು ಈಗ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ತಯಾರಾಗುತ್ತವೆ. ಅಲ್ಲಿ ಅವರ ದನಿ ಗುರುತಿಸುವವರು ಇರಲಿಲ್ಲ. ಒಬ್ಬಳು ಹುಡುಗಿ ಬಹಳ ಮರ್ಯಾದೆಯಿಂದ, ತಿದ್ದುಪಡಿ ಇದ್ದರೆ ಮೇಲ್ ಮಾಡಿ ಸರ್ ಎಂದಳು.

ಬೆಳಿಗ್ಗೆ ನ್ಯಾಮತಿಯ ಬಸ್ ನಿಲ್ದಾಣದಲ್ಲಿ ಬೈಲಪ್ಪನ ಹೋಟೆಲಿಗೆ ಟೀ ಕುಡಿಯಲು ಹೋದಾಗ ಬೈಲಪ್ಪ ಎರಡು ಪತ್ರಿಕೆಗಳನ್ನು ಮೇಜಿನ ಮೇಲೆ ಅಗಲಕ್ಕೆ ಹರಡಿಕೊಂಡು ಕಾಯುತ್ತಿದ್ದ. ಒಂದರಲ್ಲಿ ಮೂರು ಕಾಲಮ್ಮು, ಬಣ್ಣದ ಫೋಟೋ. ಶಾಲು, ಹುಬ್ಬಿನವರೆಗಿನ ಪೇಟ, ಹಣ್ಣಿನ ಬುಟ್ಟಿ. ಕೊನೆಯ ಸಾಲು: ‘ಒಬ್ಬ ಕಾರ್ಮಿಕರಿಗೂ ಪೆಟ್ಟಾಗಿಲ್ಲ ಎಂದು ತಿಪ್ಪೇಶಪ್ಪ ಹೇಳಿದರು.’ ಇನ್ನೊಂದರಲ್ಲಿ ಒಂದೇ ಕಾಲಮ್ಮು, ಫೋಟೋ ಇಲ್ಲ. ‘ಮೂರು ಬೆರಳು ಕಳೆದುಕೊಂಡಿದ್ದಾರೆ ಎಂದು ತಿಪ್ಪೇಶಪ್ಪ ಹೇಳಿದರು.’ ಕೆಳಗೆ: ‘ಪ್ರತಿಕ್ರಿಯೆಗೆ ಸಂಪರ್ಕಿಸಿದಾಗ, ನಾಳೆ ಮಾತನಾಡುವುದಾಗಿ ಘಟಕದ ಮಾಲೀಕರು ತಿಳಿಸಿದರು.’ ಉಳಿದ ಜಾಗಕ್ಕೆ ಕಲ್ಲೇಶ್ ಜಾನುವಾರು ಲಸಿಕೆಯ ಪ್ರಕಟಣೆ ತುಂಬಿದ್ದ.

ತಿಪ್ಪೇಶಪ್ಪ ಕನ್ನಡಕ ಹಾಕಿಕೊಂಡು ಎರಡನೆಯದನ್ನು ಪೂರ್ತಿ ಓದಿದರು. ಊರು, ಹೆಸರು, ಕೈ, ತಿಂಗಳು. ತಪ್ಪಿರಲಿಲ್ಲ.

"ಎರಡ್ರಾಗೂ ನೀವೇ ಅದೀರಿ" ಎಂದ ಬೈಲಪ್ಪ. "ಯಾವ್ದು ನಂಬಬೇಕ್ರಿ ನಾವು?"

"ಇದು" ಎಂದು ಅವರು ಸಣ್ಣದರ ಮೇಲೆ ಬೆರಳಿಟ್ಟರು.

"ಹಂಗಾದ್ರೆ ಇದು? ಇಲ್ಲೂ ಹೇಳಿದರು ಅಂತಾನೇ ಬರ್ದಾರೆ. ಫೋಟೋ ಬ್ಯಾರೆ ಹಾಕ್ಯಾರೆ."

"ಅದು ನಾನು ಹೇಳಿಲ್ಲ."

"ಹೇಳದಿದ್ರೆ ಹೆಂಗೆ ಬಂತು?"

ಅದನ್ನು ಬೈಲಪ್ಪನಿಗೆ ವಿವರಿಸಬೇಕೆಂದರೆ ಜಗಳೂರಿನ ಎತ್ತಿನ ಗಾಡಿಯಿಂದ ಶುರು ಮಾಡಬೇಕಾಗಿತ್ತು. ತಿಪ್ಪೇಶಪ್ಪ ಟೀ ಕುಡಿದರು. ಜೇಬಿನಲ್ಲಿ ಫೋನು ಬೆಳಗಿನಿಂದ ಅದುರುತ್ತಲೇ ಇತ್ತು, ಅವರು ತೆಗೆಯಲಿಲ್ಲ. ಮಧ್ಯಾಹ್ನ ಮಂಡಕ್ಕಿ ಮಿರ್ಚಿ ಶುರುವಾದರೆ ಅದನ್ನು ಕಟ್ಟಿಕೊಡಲು ಬೈಲಪ್ಪ ಎರಡೂ ಪತ್ರಿಕೆಗಳನ್ನು ಒಂದೇ ಅಳತೆಗೆ ಹರಿಯುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು.

"ದಾವಣಗೆರೆಗೆ ಬೆಳಿಗ್ಗೆ ಮೊದಲ ಬಸ್ಸು ಯಾವಾಗ ಬೈಲಪ್ಪ?"

"ಆರಕ್ಕೆ ಐತೆ. ಯಾಕ್ರಿ, ಅಲ್ಲೂ ಸನ್ಮಾನನಾ?"

"ಇಲ್ಲಪ್ಪ. ಸೋಮವಾರ ಹೋಗಿ ಒಂದು ಮಾತು ಹೇಳಬೇಕು" ಎಂದು ತಿಪ್ಪೇಶಪ್ಪ ಮೊಣಕಾಲು ಹಿಡಿದುಕೊಂಡು ಎದ್ದರು. "ಪೇಪರಿಗೆ ಹೋಗೈತೆ."